ಘೋಷಣೆಯಿಲ್ಲದ ಯುದ್ಧಗಳು ಮತ್ತು ದೇಶದ ಹೆಸರು

ಒಂದು ದೇಶ ಇನ್ನೊಂದರ ಮೇಲೆ ಸೈನ್ಯ ನುಗ್ಗಿಸುವ ಮೊದಲು ಕಾರಣ ತಿಳಿಸಿ ಯುದ್ಧ ಸಾರಬೇಕು ಎಂಬುದು ಅಂತರರಾಷ್ಟ್ರೀಯ ಕಾನೂನಿನಲ್ಲಿ ಲಿಖಿತ ನಿಯಮವಾದದ್ದು 1907ರ ಹೇಗ್ ಒಪ್ಪಂದದಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1904ರ ಫೆಬ್ರವರಿಯ ಒಂದು ರಾತ್ರಿ, ಜಪಾನಿನ ನೌಕಾಪಡೆ ಪೋರ್ಟ್ ಆರ್ಥರ್ ಬಂದರಿನಲ್ಲಿ ಲಂಗರು ಹಾಕಿದ್ದ ರಷ್ಯಾದ ಹಡಗುಗಳ ಮೇಲೆ ಎರಗಿತ್ತು. ಯುದ್ಧ ಸಾರಿದ್ದು ಆಮೇಲೆ. ಸುಳಿವು ಕೊಡದೆ ಮೇಲೆ ಬೀಳುವುದು ನಾಗರಿಕ ದೇಶಗಳಿಗೆ ತಕ್ಕದ್ದಲ್ಲ ಎಂಬ ಭಾವನೆ ಆ ನಿಯಮದ ಹಿಂದಿತ್ತು.

ನಿಯಮ ಪುಸ್ತಕದಲ್ಲಿ ಉಳಿಯಿತು, ಆಚರಣೆಯಲ್ಲಿ ಬಹಳ ಕಾಲ ಬಾಳಲಿಲ್ಲ. ಅಮೆರಿಕ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು ಕೊನೆಯ ಬಾರಿಗೆ 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ ಮತ್ತು ರುಮೇನಿಯಾಗಳ ಮೇಲೆ. ಆಮೇಲೆ ಕೊರಿಯಾದ ಯುದ್ಧಕಾಲದಲ್ಲಿ ಸುಮಾರು 36 ಸಾವಿರ, ವಿಯೆಟ್ನಾಮಿನಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಪ್ರಾಣ ಕಳೆದುಕೊಂಡರು. ಇವೆರಡೂ ಸಾರದೆ ನಡೆದ ಯುದ್ಧಗಳು. 1982ರ ಫಾಕ್ಲೆಂಡ್ ಕದನದಲ್ಲಿ ಬ್ರಿಟನ್ನಾಗಲಿ ಅರ್ಜೆಂಟೀನವಾಗಲಿ ಯುದ್ಧ ಸಾರಲಿಲ್ಲ. 1962ರಲ್ಲಿ ಚೀನಾ ಹಿಮಾಲಯ ದಾಟಿ ಬಂದಾಗಲೂ ಘೋಷಣೆ ಹೊರಡಲಿಲ್ಲ, ಎರಡು ದೇಶಗಳ ರಾಜತಾಂತ್ರಿಕ ಸಂಬಂಧವೂ ಕಡಿಯಲಿಲ್ಲ. ಕಾರ್ಗಿಲ್‌ನ ಬೆಟ್ಟಗಳಲ್ಲಿ 1999ರಲ್ಲಿ ಭಾರತದ 527 ಯೋಧರು ಮಡಿದದ್ದು ಕೂಡ ಯಾರೂ ಸಾರದ ಯುದ್ಧದಲ್ಲೇ.

ಭಾರತದ ಸಂವಿಧಾನ ಈ ವಿಷಯದಲ್ಲಿ ಮಿತಭಾಷಿ. ಯುದ್ಧ ಮತ್ತು ಶಾಂತಿ ಎಂಬ ವಿಷಯ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ. ರಕ್ಷಣಾ ಪಡೆಗಳ ಪರಮೋಚ್ಚ ಅಧಿಕಾರ 53ನೇ ವಿಧಿಯಂತೆ ರಾಷ್ಟ್ರಪತಿಯದು. ಯುದ್ಧ ಅಥವಾ ಹೊರಗಿನ ಆಕ್ರಮಣದಿಂದ ದೇಶದ ಭದ್ರತೆಗೆ ಅಪಾಯ ಬಂದರೆ 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಸಾರಬಹುದು. ಆದರೆ ಯುದ್ಧವನ್ನು ಯಾರು, ಯಾವ ಕ್ರಮದಲ್ಲಿ ಸಾರಬೇಕು ಎಂದು ಹೇಳುವ ಒಂದು ವಾಕ್ಯವೂ ಅದರಲ್ಲಿಲ್ಲ. 1962ರ ಅಕ್ಟೋಬರ್ 26ರಂದು ಸಾರಿದ ತುರ್ತು ಪರಿಸ್ಥಿತಿ 1968ರ ಜನವರಿಯವರೆಗೂ ಜಾರಿಯಲ್ಲಿತ್ತು, 1965ರ ಯುದ್ಧ ಅದರ ನೆರಳಿನಲ್ಲೇ ಮುಗಿಯಿತು. 1971ರ ಡಿಸೆಂಬರ್ 3ರಂದು ಇನ್ನೊಮ್ಮೆ ತುರ್ತು ಪರಿಸ್ಥಿತಿ ಬಂತು. ಕಾರ್ಗಿಲ್ ಸಮಯದಲ್ಲಿ ಅದೂ ಬೇಕಾಗಲಿಲ್ಲ.

ಹಾಗಾದರೆ ಸಾರದ ಕದನವನ್ನು ಯುದ್ಧವೆಂದು ಲೆಕ್ಕಕ್ಕೆ ಹಿಡಿಯಬೇಕೇ? ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1945ರ ವಿಶ್ವಸಂಸ್ಥೆಯ ಸನ್ನದು ಘೋಷಣೆಯ ಪ್ರಶ್ನೆಯನ್ನೇ ಬದಿಗಿಟ್ಟಿತು. ಅದು ನಿಷೇಧಿಸಿದ್ದು ಒಂದು ದೇಶದ ವಿರುದ್ಧ ಬಲ ಪ್ರಯೋಗವನ್ನು. ಆತ್ಮರಕ್ಷಣೆಗೆ ಮತ್ತು ಭದ್ರತಾ ಮಂಡಳಿಯ ಒಪ್ಪಿಗೆಗೆ ಮಾತ್ರ ಅದರಲ್ಲಿ ವಿನಾಯಿತಿ ಉಂಟು. ನಾಲ್ಕು ವರ್ಷಗಳ ನಂತರ, 1949ರ ಆಗಸ್ಟ್ 12ರಂದು ಸಹಿಯಾದ ಜಿನೀವಾ ಒಪ್ಪಂದಗಳು ಇನ್ನೂ ಮುಂದೆ ಹೋದವು. ಘೋಷಿತ ಯುದ್ಧವೇ ಆಗಿರಲಿ, ಬೇರಾವುದೇ ಸಶಸ್ತ್ರ ಸಂಘರ್ಷವಾಗಿರಲಿ, ಕಾದಾಡುವವರಲ್ಲಿ ಒಬ್ಬರು ಅದನ್ನು ಯುದ್ಧವೆಂದು ಒಪ್ಪದೇ ಹೋದರೂ ಗಾಯಾಳುಗಳು, ಸೆರೆಯಾಳುಗಳು ಮತ್ತು ನಾಗರಿಕರಿಗೆ ರಕ್ಷಣೆ ಸಲ್ಲಲೇಬೇಕು ಎಂದು ಅವುಗಳ ಎರಡನೇ ವಿಧಿ ಹೇಳುತ್ತದೆ. ಭಾರತ ಈ ಒಪ್ಪಂದಗಳನ್ನು 1950ರಲ್ಲಿ ಅಂಗೀಕರಿಸಿತು, 1960ರಲ್ಲಿ ಸಂಸತ್ತು ಜಿನೀವಾ ಒಪ್ಪಂದಗಳ ಕಾಯ್ದೆ ಮಾಡಿತು.

ವ್ಯಾಪಾರದ ನ್ಯಾಯಾಲಯಗಳು ಈ ನಿಲುವಿಗೆ ಇನ್ನೂ ಮುಂಚೆಯೇ ಬಂದಿದ್ದವು. 1937ರಲ್ಲಿ ಜಪಾನ್ ಮತ್ತು ಚೀನಾ ನಡುವೆ ಭಾರಿ ಕಾಳಗ ನಡೆಯುತ್ತಿದ್ದಾಗ, ಜಪಾನನ್ನು ಒಳಗೊಂಡ ಯುದ್ಧ ಶುರುವಾದರೆ ಹಡಗಿನ ಬಾಡಿಗೆ ಕರಾರು ರದ್ದು ಮಾಡಬಹುದು ಎಂಬ ಷರತ್ತಿನ ಬಗ್ಗೆ ಲಂಡನ್ನಿನಲ್ಲಿ ದಾವೆ ನಡೆಯಿತು. ಯಾರೂ ಯುದ್ಧ ಸಾರಿಲ್ಲ, ಆದ್ದರಿಂದ ಯುದ್ಧವೇ ಇಲ್ಲ ಎಂಬುದು ಕವಾಸಾಕಿ ಕಂಪನಿಯ ವಾದ. 1939ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾಮಾನ್ಯ ವ್ಯವಹಾರಸ್ಥರು ಯಾವುದನ್ನು ಯುದ್ಧ ಎನ್ನುತ್ತಾರೋ ಕರಾರಿನ ಮಟ್ಟಿಗೆ ಅದೇ ಯುದ್ಧ ಎಂದಿತು.

ಸೈನಿಕನ ಬದುಕಿನಲ್ಲಿ ಈ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಕೊಡಗಿನ ಒಂದು ಮನೆತನದ ಕಥೆ ಸಾಕು. ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪನವರ ಮಗ ಕೆ.ಸಿ. ನಂದಾ ಕಾರ್ಯಪ್ಪ 1965ರಲ್ಲಿ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್. ಕದನ ವಿರಾಮದ ಹೊಸ್ತಿಲಲ್ಲಿ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನ ಗುಂಡೇಟಿಗೆ ಬಿತ್ತು. ಗಾಯಗೊಂಡ ಅವರು ಪಾಕಿಸ್ತಾನದ ಕೈಗೆ ಸಿಕ್ಕರು. ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಟ್ಟುಕೊಡುವ ಪ್ರಸ್ತಾಪ ಬಂದಾಗ, ಉಳಿದ ಸೆರೆಯಾಳುಗಳಿಗಿಲ್ಲದ ಸವಲತ್ತು ತಮ್ಮ ಮಗನಿಗೂ ಬೇಡ ಎಂದು ತಂದೆ ನಿರಾಕರಿಸಿದರು. ನಂದಾ ಕಾರ್ಯಪ್ಪ ಮರಳಿದ್ದು ಮುಂದಿನ ಜನವರಿಯಲ್ಲಿ, ಮುಂದೆ ಏರ್ ಮಾರ್ಷಲ್ ಹುದ್ದೆಗೂ ಏರಿದರು. ಅವರು ಗೂಢಚಾರನೆಂದೋ ಗಡಿ ದಾಟಿದ ಅಪರಾಧಿಯೆಂದೋ ವಿಚಾರಣೆಗೆ ಗುರಿಯಾಗದೆ ಯುದ್ಧಕೈದಿಯಾಗಿ ಉಳಿದದ್ದು ಜಿನೀವಾದ ಆ ಒಂದು ವಿಧಿಯಿಂದ. ಸಾರಿದ ಯುದ್ಧಕ್ಕಷ್ಟೇ ಕಾನೂನು ಎಂದಿದ್ದರೆ ಆ ಸೆರೆಮನೆಯಲ್ಲಿದ್ದ ಯಾರಿಗೂ ಹಕ್ಕು ಎಂಬುದೇ ಇರುತ್ತಿರಲಿಲ್ಲ.

ಭಾರತದ ಶೌರ್ಯ ಪ್ರಶಸ್ತಿಗಳ ಕ್ರಮವೂ ಇದನ್ನೇ ಒಪ್ಪಿಕೊಂಡಿದೆ. ಶತ್ರುವಿನ ಎದುರು ತೋರಿದ ಪರಾಕ್ರಮಕ್ಕೆ ಸಲ್ಲುವ ಪರಮವೀರ ಚಕ್ರ 1961ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪರವಾಗಿ ಹೋರಾಡಿ ಮಡಿದ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಸಂದಿತು. ಸಿಯಾಚಿನ್‌ನಲ್ಲಿ 1987ರ ಸಾಹಸಕ್ಕಾಗಿ ಬಾನಾ ಸಿಂಗ್, ಅದೇ ವರ್ಷ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಕೂಡ ಆ ಪಟ್ಟಿಯಲ್ಲಿದ್ದಾರೆ. ಈ ಮೂರರಲ್ಲಿ ಯಾವುದೂ ಘೋಷಿತ ಯುದ್ಧವಲ್ಲ. ಕನ್ನಡ ನಾಡಿಗೆ ಇದು ಹೊಸದೂ ಅಲ್ಲ. ತುರು ಕದ್ದೊಯ್ದವರನ್ನು ತಡೆಯಲು ಹೋಗಿ, ಊರಿನ ಅಳಿವು ತಪ್ಪಿಸಲು ಹೋಗಿ ಸತ್ತವರಿಗೆ ಗಂಗರ ಕಾಲದಿಂದ ವೀರಗಲ್ಲು ನಿಲ್ಲಿಸುತ್ತ ಬಂದ ಹಳ್ಳಿಗಳು, ಆ ಹೊಡೆದಾಟವನ್ನು ಯಾವ ಅರಸ ಸಾರಿದ್ದ ಎಂದು ಕೇಳಿ ಕಲ್ಲು ಕೆತ್ತಿಸಲಿಲ್ಲ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಸರ್ಕಾರಗಳು ಯುದ್ಧ ಎಂಬ ಮಾತನ್ನು ಬಾಯಿಗೆ ತಾರದಿರಲು ಪ್ರಾಯೋಗಿಕ ಕಾರಣಗಳಿವೆ. 1937ರಲ್ಲಿ ಜಪಾನ್ ಚೀನಾದ ಮೇಲಿನ ದಂಡಯಾತ್ರೆಯನ್ನು ಬರೀ ಘಟನೆ ಎಂದು ಕರೆಯಿತು. ಯುದ್ಧವೆಂದು ಒಪ್ಪಿದ್ದರೆ ಅಮೆರಿಕದ ತಟಸ್ಥ ನೀತಿಯ ಕಾಯ್ದೆ ಜಾರಿಗೆ ಬಂದು ವ್ಯಾಪಾರಕ್ಕೆ ಕುತ್ತು ಬರುತ್ತಿತ್ತು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಿದ್ದ ಬ್ರಿಟನ್ನಿನ ಪ್ರಧಾನಿ ಆಂಥೊನಿ ಈಡನ್, ಇದು ಯುದ್ಧವಲ್ಲ, ಸಶಸ್ತ್ರ ಸಂಘರ್ಷ ಎಂದು ಸಂಸತ್ತಿನಲ್ಲಿ ವಾದಿಸಿದರು. ಎರಡು ತಿಂಗಳಲ್ಲಿ ಸೈನ್ಯ ಹಿಂದೆ ಬಂತು, 1957ರ ಜನವರಿಯಲ್ಲಿ ಈಡನ್ ಪದವಿ ಬಿಟ್ಟರು. ಬ್ರಿಟನ್ ಜಗತ್ತಿನ ದೊಡ್ಡಣ್ಣ ಎಂಬ ಹೆಸರೂ ಅಲ್ಲಿಗೆ ಮುಗಿಯಿತು. 2022ರ ಫೆಬ್ರವರಿಯಲ್ಲಿ ಉಕ್ರೇನಿನೊಳಗೆ ನುಗ್ಗಿದ ರಷ್ಯಾ ಅದನ್ನು ವಿಶೇಷ ಸೇನಾ ಕಾರ್ಯಾಚರಣೆ ಎಂದಿತು. ಸೈನ್ಯದ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದರೆ ಶಿಕ್ಷೆ ಎಂಬ ಕಾನೂನು ಕೆಲವೇ ದಿನಗಳಲ್ಲಿ ಬಂತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ವಿರುದ್ಧ ಮತ ಹಾಕುವುದನ್ನು ಆ ಹೆಸರು ತಡೆಯಲಿಲ್ಲ.

ಕೊರಿಯಾದ್ದು ಇನ್ನೊಂದು ಬಗೆ. 1950ರ ಜೂನ್‌ನಲ್ಲಿ ಸುದ್ದಿಗಾರರೊಬ್ಬರು, ಇದನ್ನು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆ ಎನ್ನಬಹುದೇ ಎಂದು ಕೇಳಿದಾಗ ಅಧ್ಯಕ್ಷ ಟ್ರೂಮನ್ ಹೌದೆಂದರು. ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಘೋಷಣೆಗೆ ಹೋಗಲಿಲ್ಲ. ಮೂರು ವರ್ಷದ ನಂತರ, 1953ರ ಜುಲೈ 27ರಂದು ಗುಂಡಿನ ಸದ್ದು ನಿಂತಾಗ ಉಳಿದ ದೊಡ್ಡ ಕಗ್ಗಂಟು ಸೆರೆಯಾಳುಗಳದು. ಊರಿಗೆ ಹಿಂದಿರುಗಲು ಒಲ್ಲೆವೆಂದ ಸುಮಾರು 22 ಸಾವಿರ ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳ ಹೊಣೆ ಹೊತ್ತ ತಟಸ್ಥ ದೇಶಗಳ ಆಯೋಗಕ್ಕೆ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಭಾರತದ ಐದು ಸಾವಿರಕ್ಕೂ ಹೆಚ್ಚು ಸೈನಿಕರು ಕಾವಲಿಗೆ ಹೋದರು. ಅವರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರವಾಗಿ ಗಡಿಯ ನಿಶ್ಶಸ್ತ್ರ ವಲಯಕ್ಕೆ ಇಳಿಸಬೇಕಾಯಿತು. ಎರಡೂ ಬಣಗಳ ಬೈಗುಳ ತಿಂದು, ಶಿಬಿರದೊಳಗಿನ ಗಲಭೆಗಳನ್ನು ತಾಳ್ಮೆಯಿಂದ ನಿಭಾಯಿಸಿ ತಿಮ್ಮಯ್ಯ ಆ ಕೆಲಸ ಮುಗಿಸಿದರು. ಸ್ವತಂತ್ರ ಭಾರತಕ್ಕೆ ಹೊರಜಗತ್ತಿನಲ್ಲಿ ಬಂದ ಮೊದಲ ಗಟ್ಟಿ ಹೆಸರುಗಳಲ್ಲಿ ಅದೊಂದು. ಅದು ಬಂದದ್ದು ಬೇರೆಯವರ ಅಘೋಷಿತ ಯುದ್ಧದ ಗಾಯ ತೊಳೆದದ್ದರಿಂದ.

ತನ್ನದೇ ಕದನದಲ್ಲಿ ಭಾರತದ ಹೆಸರು ಅಂತರರಾಷ್ಟ್ರೀಯ ಕಟಕಟೆ ಏರಿದ ದೊಡ್ಡ ಪ್ರಸಂಗ ಗೋವಾ. ಅದು ಅರ್ಧ ಕನ್ನಡ ನೆಲದಿಂದಲೇ ನಡೆದ ಕಾರ್ಯಾಚರಣೆ. 1961ರ ನವೆಂಬರ್‌ನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ಸಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಮುಂದಿನ ವಾರದಲ್ಲಿ ಒಬ್ಬ ಮೀನುಗಾರ ಅವರ ಗುಂಡಿಗೆ ಬಲಿಯಾದ. ಡಿಸೆಂಬರ್‌ನಲ್ಲಿ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ 17ನೇ ಪದಾತಿ ವಿಭಾಗ ಬೆಳಗಾವಿಯಲ್ಲಿ ಬೀಡುಬಿಟ್ಟಿತು, ಸಾಂಬ್ರಾ ನಿಲ್ದಾಣದಿಂದ ಯುದ್ಧವಿಮಾನಗಳು ಎದ್ದವು. ಡಿಸೆಂಬರ್ 18ರಂದು ಈ ರಾಜ್ಯದ ಅಂದಿನ ಹೆಸರನ್ನೇ ಹೊತ್ತ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಅಂಜದೀವನ್ನು ಮುತ್ತಿದವು. ದ್ವೀಪಕ್ಕೆ ಇಳಿದ ನಾವಿಕರಲ್ಲಿ ಏಳು ಮಂದಿ ಸತ್ತರು. ಮರುದಿನ ಸಂಜೆ ಗವರ್ನರ್ ವಸ್ಸಾಲೊ ಇ ಸಿಲ್ವ ಶರಣಾದರು. 451 ವರ್ಷಗಳ ಆಳ್ವಿಕೆ ಎರಡು ದಿನಗಳೊಳಗೆ ಮುಗಿಯಿತು.

ಅದೇ ಹೊತ್ತಿಗೆ ಭದ್ರತಾ ಮಂಡಳಿಯಲ್ಲಿ ಅಮೆರಿಕದ ಅಡ್ಲೈ ಸ್ಟೀವನ್ಸನ್ ಭಾರತವನ್ನು ತರಾಟೆಗೆ ತೆಗೆದುಕೊಂಡರು. ಅಹಿಂಸೆಯ ಪಾಠ ಹೇಳಿದ ದೇಶ ತಾನೇ ಸೈನ್ಯ ನುಗ್ಗಿಸಿದೆ ಎಂಬುದು ಪಶ್ಚಿಮದ ಪತ್ರಿಕೆಗಳ ಒಟ್ಟು ರಾಗವಾಗಿತ್ತು. ಕದನ ವಿರಾಮ ಮಾಡಿ ಸೈನ್ಯ ಹಿಂದೆಗೆಯಬೇಕೆಂಬ ನಿರ್ಣಯಕ್ಕೆ ಏಳು ಮತ ಬಿದ್ದವು, ವಿರುದ್ಧ ನಾಲ್ಕು. ಸೋವಿಯತ್ ಒಕ್ಕೂಟದ ವೀಟೊ ಅದನ್ನು ಬೀಳಿಸಿತು. ವಿರುದ್ಧ ನಿಂತ ಉಳಿದ ಮೂವರನ್ನು ಗಮನಿಸಬೇಕು: ಸಿಲೋನ್, ಲೈಬೀರಿಯಾ ಮತ್ತು ಈಜಿಪ್ಟಿನ ಸಂಯುಕ್ತ ಅರಬ್ ಗಣರಾಜ್ಯ. ಏಷ್ಯಾ ಮತ್ತು ಆಫ್ರಿಕಾದ ಆ ದೇಶಗಳಿಗೆ ಗೋವಾ ವಸಾಹತುಶಾಹಿಯ ಕೊನೆಯ ಕೊಂಡಿಯಾಗಿ ಕಂಡಿತು, ಹಲವರಿಗೆ ಭಾರತ ಇಷ್ಟು ತಡ ಮಾಡಿದ್ದೇ ದೂರಾಗಿತ್ತು. ಒಂದೇ ಕೃತ್ಯದಿಂದ ಒಂದು ಕಡೆ ಹೆಸರು ಕೆಟ್ಟಿತು, ಇನ್ನೊಂದು ಕಡೆ ಬೆಳಗಿತು. ಸೆರೆಸಿಕ್ಕ ಪೋರ್ಚುಗೀಸ್ ಸೈನಿಕರು 1962ರ ಮೇ ವೇಳೆಗೆ ಊರಿಗೆ ಮರಳಿದರು. ಶರಣಾದ ತಪ್ಪಿಗೆ ಗವರ್ನರನನ್ನು ದಂಡಿಸಿದ್ದು ಅವನ ಸ್ವಂತ ದೇಶದ ಸಲಜಾರ್ ಸರ್ಕಾರ. ಆ ಸರ್ವಾಧಿಕಾರ ಉರುಳಿದ ಮೇಲೆ, 1974ರ ಕೊನೆಯಲ್ಲಿ, ಪೋರ್ಚುಗಲ್ ಗೋವಾದ ಮೇಲಿನ ಭಾರತದ ಹಕ್ಕನ್ನು ಒಪ್ಪಂದದ ಮೂಲಕ ಒಪ್ಪಿತು. ಯುದ್ಧ ಸಾರಲಿಲ್ಲ ಎಂಬ ಆಕ್ಷೇಪ ಆ ಹೊತ್ತಿಗೆ ಯಾರ ನೆನಪಿನಲ್ಲೂ ಇರಲಿಲ್ಲ.

ಕಾರ್ಗಿಲ್‌ನಲ್ಲಿ ಹೆಸರಿನ ಲೆಕ್ಕ ಬೇರೆ ರೀತಿಯಲ್ಲಿ ಬಂತು. ಪಾಕಿಸ್ತಾನ ತನ್ನ ಸೈನಿಕರನ್ನು ಮುಜಾಹಿದೀನರೆಂದು ಹೇಳಿ ಕೈತೊಳೆದುಕೊಂಡಿತು. ಬೆಟ್ಟದ ಮೇಲೆ ಸತ್ತ ಹಲವರ ದೇಹಗಳನ್ನು ಸ್ವೀಕರಿಸಲೂ ಒಪ್ಪಲಿಲ್ಲ. ಭಾರತೀಯ ಸೈನ್ಯ ಅವರನ್ನು ಇಸ್ಲಾಂ ವಿಧಿಯಂತೆ ಮಣ್ಣುಮಾಡಿತು. ಟೈಗರ್ ಹಿಲ್‌ನಲ್ಲಿ ಹೋರಾಡಿ ಸತ್ತ, ಕರ್ನಲ್ ಶೇರ್ ಖಾನ್ ಎಂಬ ಹೆಸರಿನ ಪಾಕಿಸ್ತಾನಿ ಕ್ಯಾಪ್ಟನ್ ಒಬ್ಬನ ದೇಹವನ್ನು ಹಿಂದಿರುಗಿಸುವಾಗ, ಈತ ವೀರಾವೇಶದಿಂದ ಕಾದಿದ ಎಂಬ ಚೀಟಿಯೊಂದನ್ನು ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಆತನ ಜೇಬಿನಲ್ಲಿರಿಸಿದರು. ಪಾಕಿಸ್ತಾನ ಆತನಿಗೆ ತನ್ನ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಕಾರ್ಗಿಲ್ ಭಾಗದಲ್ಲಿ ಮಡಿದ 453 ಮಂದಿಯ ಹೆಸರನ್ನು ಅದರ ಸೈನ್ಯ ಪ್ರಕಟಿಸಿದ್ದು ಮಾತ್ರ ಹನ್ನೊಂದು ವರ್ಷಗಳ ನಂತರ, 2010ರಲ್ಲಿ. ಭಾರತ ನಿಯಂತ್ರಣ ರೇಖೆ ದಾಟದೆ ಹೋರಾಡಿದ್ದಕ್ಕೆ ಭಾರಿ ಪ್ರಾಣಹಾನಿಯ ಬೆಲೆ ತೆತ್ತಿತು. ಜಗತ್ತಿನ ದೊಡ್ಡ ದೇಶಗಳು ಒಂದೇ ದನಿಯಲ್ಲಿ ಪಾಕಿಸ್ತಾನವನ್ನು ಹಿಂದೆ ಸರಿಯಲು ಹೇಳಿದ್ದು ಆ ಸಂಯಮದ ಫಲ.

ಶ್ರೀಲಂಕಾದ ಪ್ರಕರಣ ಭಾರತಕ್ಕೆ ಕಹಿಯಾಗಿ ಮುಗಿಯಿತು. 1987ರ ಜುಲೈ ಒಪ್ಪಂದದಂತೆ ಹೋದ ಪಡೆಗೆ ಶಾಂತಿಪಾಲನಾ ಪಡೆ ಎಂದೇ ಹೆಸರು. ಅಕ್ಟೋಬರ್ ಹೊತ್ತಿಗೆ ಅದು ತಮಿಳು ಬಂಡುಕೋರರ ಎಲ್‌ಟಿಟಿಇ ಜೊತೆ ಬೀದಿಬೀದಿಯಲ್ಲಿ ಯುದ್ಧ ಮಾಡುತ್ತಿತ್ತು. ಜಾಫ್ನಾದ ಆಸ್ಪತ್ರೆಯೊಳಗೆ ರೋಗಿಗಳು, ವೈದ್ಯರು, ದಾದಿಯರು ಸತ್ತದ್ದು ಅಲ್ಲಿನ ತಮಿಳರ ಮನಸ್ಸಿನಲ್ಲಿ ಇಂದಿಗೂ ಮಾಯದ ಗಾಯ. 1990ರ ಮಾರ್ಚ್‌ನಲ್ಲಿ ಪಡೆ ಮರಳುವಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಮಡಿದಿದ್ದರು. ಮರಳಿದವರಿಗೆ ಗೆದ್ದವರ ಸ್ವಾಗತವೂ ಸಿಗಲಿಲ್ಲ, ದಣಿದು ಬಂದವರಿಗೆ ಸಲ್ಲಬೇಕಾದ ಆದರವೂ ಸಿಗಲಿಲ್ಲ. ಆ ಕದನದ ಬಾಲ ಕರ್ನಾಟಕದವರೆಗೆ ಚಾಚಿತು. ರಾಜೀವ್ ಗಾಂಧಿ ಹತ್ಯೆಯ ಸಂಚುಗಾರ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ, ಭದ್ರತಾ ಪಡೆಗಳು ಸುತ್ತುವರಿದಾಗ ಸತ್ತರು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ನಡೆದ ನಾಲ್ಕು ದಿನಗಳ ಕದನ ಇನ್ನೂ ಎಲ್ಲರ ನೆನಪಿನಲ್ಲಿದೆ. ಪಹಲ್ಗಾಮ್‌ನಲ್ಲಿ ಕನ್ನಡಿಗರೂ ಸೇರಿ 26 ಮಂದಿಯ ಹತ್ಯೆಯಾದ ಮೇಲೆ ಆಪರೇಷನ್ ಸಿಂಧೂರ ನಡೆಯಿತು. ಇದರಲ್ಲೂ ಘೋಷಣೆ ಇರಲಿಲ್ಲ. ಗುಂಡು ನಿಂತ ಕೆಲವೇ ದಿನಗಳಲ್ಲಿ ಭಾರತ ಏಳು ಸರ್ವಪಕ್ಷ ನಿಯೋಗಗಳನ್ನು ಹೊರದೇಶಗಳಿಗೆ ಕಳಿಸಿತು. ಯುದ್ಧ ಸಾರದ ದೇಶಕ್ಕೂ ತನ್ನ ಕಾರಣವನ್ನು ಜಗತ್ತಿಗೆ ಹೇಳಿಕೊಳ್ಳುವ ಹೊಣೆ ತಪ್ಪುವುದಿಲ್ಲ ಎಂಬುದನ್ನು ಸರ್ಕಾರವೇ ಹೀಗೆ ಒಪ್ಪಿಕೊಂಡಂತಾಯಿತು.

ಕನ್ನಡಿಗರಿಗೆ ಅತ್ಯಂತ ಹತ್ತಿರದ, ಅತ್ಯಂತ ಕಷ್ಟದ ಪ್ರಕರಣ ಹೈದರಾಬಾದಿನದು. ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ಮೇಲೆ ಹಾದು ಬಾಗೇಪಲ್ಲಿಯತ್ತ ಸಾಗುವ ಹೆದ್ದಾರಿ ಇಂದು ಯಾವ ತಡೆಯೂ ಇಲ್ಲದೆ ಹೈದರಾಬಾದ್ ಮುಟ್ಟುತ್ತದೆ. 1948ರಲ್ಲಿ ಇದೇ ದಿಕ್ಕಿಗೆ ಹೊರಟವರು ಕರ್ನೂಲಿನಲ್ಲಿ ತುಂಗಭದ್ರೆ ದಾಟಿದರೆ ನಿಜಾಮನ ಸೀಮೆಗೆ ಕಾಲಿಡುತ್ತಿದ್ದರು. ಹೊಳೆಯಾಚೆಯ ಆಲಂಪುರ ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ಬೀದರ್, ಗುಲ್ಬರ್ಗಾ, ರಾಯಚೂರುಗಳ ಕನ್ನಡಿಗರು ಇಡೀ ದೇಶ ಸ್ವತಂತ್ರವಾದ ಮೇಲೂ ಹದಿಮೂರು ತಿಂಗಳು ನಿಜಾಮನ ಪ್ರಜೆಗಳಾಗಿಯೇ ಉಳಿದರು.

1947ರ ನವೆಂಬರ್‌ನಲ್ಲಿ ನಿಜಾಮ ಮಿರ್ ಉಸ್ಮಾನ್ ಅಲಿ ಖಾನ್ ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಅದೇ ಅವಧಿಯಲ್ಲಿ ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಅವರು ನಡೆಸಿದ ಹತ್ಯಾಕಾಂಡ ಆ ಭಾಗದ ಮನೆಮನೆಯ ಮಾತು. ಜನ ಗಡಿ ದಾಟಿ ಓಡಿದರು. ಮುಂಡರಗಿ, ಗದಗದಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ ಸಂಸ್ಥಾನದೊಳಗೆ ವಿಲೀನಕ್ಕೆ ಹೋರಾಡಿತು. ಅತ್ತ ಆಸ್ಟ್ರೇಲಿಯಾದ ವೈಮಾನಿಕ ಸಿಡ್ನಿ ಕಾಟನ್ ಕರಾಚಿಯಿಂದ ಕಳ್ಳತನದಲ್ಲಿ ನಿಜಾಮನಿಗೆ ಶಸ್ತ್ರಾಸ್ತ್ರ ತಂದು ಇಳಿಸುತ್ತಿದ್ದ ನಿಲ್ದಾಣಗಳಲ್ಲಿ ಬೀದರ್ ಒಂದು.

ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಗಡಿ ದಾಟಿತು. ಮುಖ್ಯ ಪಡೆ ಸೊಲ್ಲಾಪುರದಿಂದ ಮೇಜರ್ ಜನರಲ್ ಜೆ.ಎನ್. ಚೌಧರಿ ಕೈಕೆಳಗೆ ಟ್ಯಾಂಕುಗಳೊಂದಿಗೆ ನಳದುರ್ಗದ ಮೇಲೆ ಬಂತು. ಇನ್ನೊಂದು ಬೆಜವಾಡದಿಂದ ಹೊರಟಿತು. ಹೊಸಪೇಟೆ ಕಡೆಯ ಕಾರ್ಯಾಚರಣೆಯಲ್ಲಿ ಮೈಸೂರಿನ ಪದಾತಿ ಸೈನಿಕರೂ ಭಾಗವಹಿಸಿದರು. ಹದಿನೇಳರ ಸಂಜೆ ನಿಜಾಮ ಕದನ ನಿಲ್ಲಿಸಿದ, ಮರುದಿನ ಅವನ ದಂಡನಾಯಕ ಎಲ್ ಎದ್ರೂಸ್ ಚೌಧರಿಯವರಿಗೆ ಶರಣಾದ. ಸೈನ್ಯದ ಕಡತದಲ್ಲಿ ಅದು ಆಪರೇಷನ್ ಪೋಲೊ. ಸರ್ಕಾರ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದಿತು. ಬೀದರ್, ಕಲಬುರಗಿಯ ಹಿರಿಯರು ಇಂದಿಗೂ ಹೇಳುವುದು ಪೊಲೀಸ್ ಆ್ಯಕ್ಷನ್ ಎಂದೇ.

ಆ ಹೆಸರಿನ ಹಿಂದೆ ಗಟ್ಟಿ ಲೆಕ್ಕಾಚಾರವಿತ್ತು. ಹೈದರಾಬಾದ್ ಆಗಸ್ಟ್‌ನಲ್ಲೇ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಪ್ಯಾರಿಸ್ಸಿನಲ್ಲಿ ಸೇರಿದ್ದ ಮಂಡಳಿ ಆ ದೂರನ್ನು ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ರಂದು, ಟ್ಯಾಂಕುಗಳು ಅರ್ಧ ದಾರಿ ಸವೆಸಿದ್ದಾಗ. ಯುದ್ಧ ಎಂದಿದ್ದರೆ ಹೈದರಾಬಾದ್ ಒಂದು ಸ್ವತಂತ್ರ ದೇಶ ಎಂದು ಭಾರತವೇ ಒಪ್ಪಿದಂತಾಗುತ್ತಿತ್ತು. ಪೊಲೀಸ್ ಎಂದರೆ ಅದು ಮನೆಯೊಳಗಿನ ಮಾತು. ಸೆಪ್ಟೆಂಬರ್ 22ರಂದು ನಿಜಾಮನೇ ತಂತಿ ಕಳಿಸಿ ದೂರು ಹಿಂಪಡೆದ. ಆದರೂ ನಡೆದದ್ದು ಸೈನಿಕ ಕಾರ್ಯಾಚರಣೆಯೇ ಎಂಬುದಕ್ಕೆ ಮುಂದಿನ ಆಡಳಿತವೇ ಸಾಕ್ಷಿ: ಚೌಧರಿಯವರು ಹೈದರಾಬಾದಿಗೆ ಮಿಲಿಟರಿ ಗವರ್ನರ್ ಆಗಿ ಕುಳಿತರು.

ಅದೇ ವರ್ಷ ಡಿಸೆಂಬರ್ 19ರಂದು ಡಚ್ಚರು ಇಂಡೋನೇಷ್ಯಾದ ಗಣರಾಜ್ಯದ ಮೇಲೆ ಎರಡನೇ ಬಾರಿ ದಾಳಿ ಮಾಡಿದರು. ಅವರೂ ಅದಕ್ಕೆ ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಭಾರತ ಅದನ್ನು ಬಲವಾಗಿ ಖಂಡಿಸಿತು, 1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಏಷ್ಯಾದ ದೇಶಗಳ ಸಮ್ಮೇಳನ ಕರೆದರು. ಒಂದೇ ಹೆಸರಿನ ಎರಡು ಕೃತ್ಯಗಳನ್ನು ಜಗತ್ತು ಬೇರೆಬೇರೆಯಾಗಿ ತೂಗಿತು. ಡಚ್ಚರ ವಿರುದ್ಧ ಆ ನೆಲದ ಜನರೇ ನಿಂತಿದ್ದರು. 1949 ಮುಗಿಯುವುದರೊಳಗೆ ಅಮೆರಿಕದ ಒತ್ತಡಕ್ಕೆ ಮಣಿದು ಅವರು ಅಧಿಕಾರ ಬಿಟ್ಟುಕೊಡಬೇಕಾಯಿತು. ಹೈದರಾಬಾದಿನಲ್ಲಿ ಬಹುಪಾಲು ಜನ ವಿಲೀನವನ್ನೇ ಬಯಸಿದ್ದರು. ಭಾರತದ ಕೃತ್ಯವನ್ನು ಸಮರ್ಥಿಸಿದ್ದು ಆ ಜನಾಭಿಪ್ರಾಯ, ಪೊಲೀಸ್ ಎಂಬ ಹಣೆಪಟ್ಟಿಯಲ್ಲ.

ಆದರೆ ಆ ಹಣೆಪಟ್ಟಿ ಇನ್ನೊಂದು ಕೆಲಸವನ್ನೂ ಮಾಡಿತು. ಐದು ದಿನದ ಕಾರ್ಯಾಚರಣೆ ಸಲೀಸಾಗಿ ಮುಗಿಯಿತು ಎಂಬ ಚಿತ್ರದೊಳಗೆ ಅದರ ನಂತರದ ವಾರಗಳು ಮುಚ್ಚಿಹೋದವು. ರಜಾಕಾರರ ದೌರ್ಜನ್ಯಕ್ಕೆ ಪ್ರತೀಕಾರವಾಗಿ ಸಾಮಾನ್ಯ ಮುಸ್ಲಿಮರ ಮೇಲೆ, ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದವರ ಮೇಲೆ, ದಾಳಿಗಳು ನಡೆದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ಸದ್ಭಾವನಾ ತಂಡ 1948ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಸಂಸ್ಥಾನದ ಹಳ್ಳಿಗಳನ್ನು ಸುತ್ತಿತು. ಸತ್ತವರ ಸಂಖ್ಯೆ 27ರಿಂದ 40 ಸಾವಿರವಿರಬಹುದು ಎಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಸೈನಿಕರು ಮುಸ್ಲಿಮರನ್ನು ಕಾಪಾಡಿದ ಊರುಗಳನ್ನೂ, ಲೂಟಿ ಮತ್ತು ಕೊಲೆಗೆ ಕೆಲವರು ಕೈಜೋಡಿಸಿದ ಊರುಗಳನ್ನೂ ವರದಿ ದಾಖಲಿಸಿತು. ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ, ಸರ್ಕಾರ ಪ್ರಕಟಿಸಲಿಲ್ಲ. ಸಾರ್ವಜನಿಕರು ಅದನ್ನು ದೆಹಲಿಯಲ್ಲಿ ನೋಡಲು ಸಾಧ್ಯವಾದದ್ದು 2013ರ ಹೊತ್ತಿಗೆ, ಅರವತ್ತೈದು ವರ್ಷಗಳ ನಂತರ.

ಅಂದಾಜಿನ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ. ವರದಿಯನ್ನು ಆಗಲೇ ಬಯಲಿಗಿಟ್ಟಿದ್ದರೆ, ಕಣ್ಣಾರೆ ಕಂಡವರು ಬದುಕಿದ್ದಾಗಲೇ ಸಂಖ್ಯೆಯನ್ನು ಪರೀಕ್ಷಿಸಬಹುದಿತ್ತು, ತಪ್ಪಿದ್ದರೆ ತಿದ್ದಬಹುದಿತ್ತು. ದೇಶದ ಹೆಸರಿಗೆ ಧಕ್ಕೆಯಾಗದಿರಲಿ ಎಂದು ಮುಚ್ಚಿಟ್ಟ ಕಾಗದವೇ ಹೊರದೇಶಗಳ ಪತ್ರಿಕೆಗಳಲ್ಲಿ ಭಾರತ ಅಡಗಿಸಿಟ್ಟ ಕೊಲೆಗಳು ಎಂಬ ರೂಪದಲ್ಲಿ ಮತ್ತೆ ಎದ್ದಿತು. ನೆದರ್ಲೆಂಡ್ಸ್‌ಗೂ ಇದೇ ಆಯಿತು. ತನ್ನ ಸೈನ್ಯ ಇಂಡೋನೇಷ್ಯಾದಲ್ಲಿ ವ್ಯಾಪಕ ಹಿಂಸೆ ನಡೆಸಿತ್ತು ಎಂಬ ಸಂಶೋಧಕರ ತೀರ್ಮಾನ ಬಂದ ಮೇಲೆ, 2022ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಬೇಕಾಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಹಳೆಯ ಹೆಸರು ಅವರನ್ನು ಕಾಯಲಾರದೆ ಹೋಯಿತು.

ಸೆಪ್ಟೆಂಬರ್ 17ರಂದು ಪ್ರತಿ ವರ್ಷ ಕಲಬುರಗಿಯಲ್ಲಿ ಧ್ವಜ ಏರುತ್ತದೆ. 2019ರಿಂದ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಿದೆ. ಗೋರ್ಟಾದ ಹುತಾತ್ಮರಿಗೆ 2023ರಲ್ಲಿ ಸ್ಮಾರಕ ಎದ್ದಿದೆ. ಅದು ಆಗಬೇಕಾದ ಕೆಲಸವೇ. ಅದರ ಜೊತೆಗೆ ಬೀದರ್, ಕಲಬುರಗಿ ಮತ್ತು ರಾಯಚೂರು ಸೀಮೆಯಲ್ಲಿ ರಜಾಕಾರರಿಂದ ಸತ್ತವರು, ಕಾರ್ಯಾಚರಣೆಯಲ್ಲಿ ಮಡಿದ ಸೈನಿಕರು, ಆಮೇಲಿನ ವಾರಗಳಲ್ಲಿ ಕೊಲೆಯಾದವರು, ಈ ಮೂರೂ ಬಗೆಯವರ ಊರುವಾರು ಪಟ್ಟಿಯನ್ನು ರಾಜ್ಯ ಪತ್ರಾಗಾರ ಮತ್ತು ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳು ಸಿದ್ಧಪಡಿಸಿ ಕನ್ನಡದಲ್ಲಿ ಪ್ರಕಟಿಸಬೇಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಇನ್ನು ತಡವಾಗಬಾರದು.